ಐದು ಹಿಂಡಿಯ ಬುತ್ತಿ

ಒಂದಾನೊಂದು ಪೇಟೆಯಲ್ಲಿ ಒಂದು ಅಂಗಡಿ. ಅಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ, ಅಂದರೆ ಚಟ್ನಿಪುಡಿ, ಬಿಟ್ಟರೆ ಬೇರೇನೂ ಸಿಗದು. ಅದನ್ನು ಕಾಯಲು ಒಬ್ಬ ರಾಕ್ಷಸ...

ಶಾಂಭವಿಯ ಅಜ್ಜಿ ಸುಂದರಬಾಯಿ ಹೇಳಿದ್ದರೆ ಈ ಕಥೆ ಹೀಗೇ ಶುರುವಾಗುತ್ತಿತ್ತು. ಆದರೆ ಪೇಟೆ ಆಳಂದದ್ದು, ಕಾಲ ಮೊನ್ನೆಯದು, ರಾಕ್ಷಸನ ಹೆಸರು ಕಲ್ಲಿನಾಥ.

“ನಿಮಗ ಕೊಡಂಗಿಲ್ರಿ,” ಎಂದ ಅವನು.

ಶಾಂಭವಿಯ ಕಿವಿ ಬಿಸಿಯಾಯಿತು. ಐದು ಹಿಂಡಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಡಿ ಎಂದಷ್ಟೇ ಅವಳು ಕೇಳಿದ್ದಳು. ಶೇಂಗಾ, ಅಗಸಿ, ಗುರೆಳ್ಳು, ಎಳ್ಳು, ಪುಟಾಣಿ... ಐದೂ ಹಿಂಡಿ ಕಣ್ಣೆದುರೇ ಡಬ್ಬಿ ತುಂಬ ಇದ್ದವು!

“ಯಾಕ್ರಿ? ನಾ ಏನ್ ಪುಕ್ಕಟೆ ಕೇಳಾಕತ್ತೇನೇನು?”

“ನಿಮಗ ಕೊಡಂಗಿಲ್ಲ ಅಂದ್ನಲ್ಲ.”

ಹಿಂದೆ ನಿಂತಿದ್ದ ಗಿರಾಕಿ ಜೈತುನಬಿ ಕಿಸಕ್ಕನೆ ನಕ್ಕಳು. ಶಾಂಭವಿ ಸರ್ರನೆ ಇಳಿದು ನಡೆದಳು.

ಇದೇ ಅಂಗಡಿಗಾಗಿ ಅವಳು ವಾರವಾರ ತನ್ನೂರು ಸರಸಂಬಾದಿಂದ ಬಸ್ಸು ಹತ್ತುತ್ತಿದ್ದಳು. ಅಗಸಿ ಹುರಿಯುವ ವಾಸನೆ ತಿರುವಿನಲ್ಲೇ ಕೈಹಿಡಿದು ಎಳೆಯುತ್ತಿತ್ತು. ಕಲ್ಲಿನಾಥ ಗರಿಗರಿ ಕಟಕ ರೊಟ್ಟಿಯ ಚೂರಿಗೆ ಹಿಂಡಿ ಉದುರಿಸಿ, ಕುಸುಬಿ ಎಣ್ಣೆ ಹನಿಸಿ ಅಂಗೈಗಿಡುತ್ತಿದ್ದ. ಖಾರ ಹೇಗಿದೆ ಎಂದು ಕೇಳಿ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಒಂದು ಸಲಕ್ಕೆ ಒಂದೇ ಬಗೆಯ ಹಿಂಡಿ ಕೊಳ್ಳುತ್ತಿದ್ದಳು... ಮತ್ತೆ ಬರಲು ನೆಪ ಉಳಿಯಲೆಂದು.

‘ಎಂಥ ಸೊಕ್ಕು ಅವನಿಗೆ! ಇನ್ನು ಆ ಮೆಟ್ಟಿಲು ತುಳಿಯೋದಿಲ್ಲ.’

ಸಿಟ್ಟಿನಲ್ಲೇ ದೊಡ್ಡ ಅಂಗಡಿಯೊಂದರಿಂದ ಹೊಳೆಯುವ ಪ್ಯಾಕೆಟ್ಟುಗಳನ್ನು ತಂದಳು. ಅಜ್ಜಿ ಒಂದನ್ನು ಬಿಚ್ಚಿ ಮೂಸಿದಳು, ಪಕ್ಕಕ್ಕಿಟ್ಟಳು.

“ಒರಳಿನ ವಾಸನಿನೇ ಇಲ್ಲವ್ವಾ. ಇದನ್ನ ಹೆಂಗ ತಾಯಿ ಮುಂದ ಇಡಲಿ?”

ಕಣ್ಣಿನ ಆಪರೇಷನ್ನಿಗೆ ಮುಂಚೆ ಅಜ್ಜಿ ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊತ್ತಿದ್ದಳು. ಕಣ್ಣು ಕಂಡರೆ ಐದು ಹಿಂಡಿಯ ರೊಟ್ಟಿ ಬುತ್ತಿ ತಂದು ಮುತ್ತೈದೆಯರಿಗೆ ಉಣಿಸುತ್ತೇನೆ, ಅಲ್ಲಿಯವರೆಗೆ ನಾನು ಹಿಂಡಿ ಮುಟ್ಟುವುದಿಲ್ಲ ಎಂದು. ಈ ಅಮಾವಾಸ್ಯೆಗೆ ಹರಕೆ ಮುಟ್ಟಿಸುತ್ತೇನೆಂದು ಮಾತು ಕೊಟ್ಟವಳು ಶಾಂಭವಿಯೇ. ಅಮಾವಾಸ್ಯೆ ನಾಳೆ!

ಬೆಳಗಾಗುತ್ತಲೇ ಅಜ್ಜಿಯನ್ನು ರೊಟ್ಟಿಯ ಗಂಟಿನೊಂದಿಗೆ ಆಳಂದದ ಬಸ್ ನಿಲ್ದಾಣದಲ್ಲಿ ಕೂರಿಸಿ, ಅವಳು ಮತ್ತೆ ಆ ಮೆಟ್ಟಿಲು ತುಳಿದಳು. ಕಲ್ಲಿನಾಥ ಒರಳಿನ ಮುಂದಿದ್ದ.

“ನನ್ನ ತಪ್ಪೇನು, ಹೇಳ್ರಿ.”

“ತಪ್ಪಿಲ್ರಿ. ಐದು ಹಿಂಡಿ, ಬಿಳಿ ಅರಿವ್ಯಾಗ ಕಟ್ಟಿ ಕೊಡ್ರಿ ಅಂದ್ರಿ. ಹಂಗ ಕಟ್ಟಿಸೋದು ಬೀಗರ ಮನಿಗೆ ಒಯ್ಯಾಕ.” ಅವನ ದನಿ ಒಡೆಯಿತು. “ನಿಮ್ಮ ಬೀಗರ ಬುತ್ತಿ ನನ್ನ ಕೈಯಿಂದ ಕಟ್ಟೋದು ಆಗಲಿಲ್ಲ.”

ಶಾಂಭವಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಸಿಟ್ಟು ಇಮ್ಮಡಿಯಾಯಿತು.

“ಅದು ನಮ್ಮ ಅಜ್ಜಿ ಹರಕಿ ಬುತ್ತಿ! ನನ್ನ ಒಂದು ಮಾತು ಕೇಳದ ನನ್ನ ಲಗ್ನಾನೇ ಮಾಡಿ ಮುಗಿಸಿದ್ರಲ್ಲ ನೀವು?”

ಅವನ ಕೈಯಲ್ಲಿದ್ದ ಒನಕೆ ನಿಂತಿತು.

“ಕೇಳಾಕ ಅಂಜಿದ್ನಿ,” ಎಂದ, ತಲೆ ತಗ್ಗಿಸಿ. “ಹೌದು ಅಂದುಬಿಟ್ರ?”

ಅವಳು ಒರಳಿನತ್ತ ಬೆರಳು ತೋರಿದಳು.

“ಕುಟ್ರಿ. ಬಸ್ಸಿಗೆ ಹೊತ್ತಾಗ್ತದ.”

ಐದೂ ಹಿಂಡಿಯನ್ನು ಅವನು ಹೊಸದಾಗಿ ಕುಟ್ಟಿದ. ರುಚಿ ನೋಡಲೆಂದು ಚೂರು ರೊಟ್ಟಿ ಚಾಚಿದ. ಅವಳು ಕೈ ಚಾಚಲಿಲ್ಲ. ಅವನು ಅಂಗಡಿಗೆ ಬೀಗ ಹಾಕಿ, ಬುತ್ತಿ ಹೊತ್ತು ಅವಳ ಹಿಂದೆ ಬಂದ. ಬೇಡವೆಂದೂ ಅವಳು ಹೇಳಲಿಲ್ಲ.

ಘತ್ತರಗಿಯಲ್ಲಿ ದೇವಿಗೆ ಎಡೆಯಾಯಿತು. ಭೀಮೆಯ ದಂಡೆಯಲ್ಲಿ ಮುತ್ತೈದೆಯರು ಉಂಡೆದ್ದರು. ಕಲ್ಲಿನಾಥ ಹತ್ತಿರ ಬಂದು ನಿಂತ.

“ಇನ್ನೂ ಸಿಟ್ಟದ ಏನ್ರಿ?”

“ಐತಿ. ಭಾಳ ಐತಿ.”

“ಮತ್ತ... ಇವತ್ತ ಕೇಳಲೇನು?”

ಶಾಂಭವಿ ನದಿಯತ್ತ ನೋಡುತ್ತ ಅಂಗೈ ಚಾಚಿದಳು.

“ಮೊದಲು ರೊಟ್ಟಿ ಕೊಡ್ರಿ. ಆಮ್ಯಾಗ ಐದು ಹಿಂಡಿ ಕಟ್ಕೊಂಡು ನಮ್ಮ ಮನಿಗೇ ಬಂದು ಕೇಳ್ರಿ. ಬಿಳಿ ಅರಿವ್ಯಾಗ.”

ಅವನು ಹಿಂಡಿ ಉದುರಿಸಿ ಇಟ್ಟ ಚೂರನ್ನು ಅವಳು ಮುರಿದು, ಅರ್ಧ ಅಜ್ಜಿಯ ಬಾಯಿಗೆ ಕೊಟ್ಟಳು. ಅಜ್ಜಿ ಕಣ್ಣರಳಿಸಿ ಇಬ್ಬರನ್ನೂ ನೋಡುತ್ತ ನಿಧಾನವಾಗಿ ಅಗಿದಳು.

“ಹರಕಿ ಮುಟ್ಟಿತವ್ವಾ,” ಎಂದಳು.