ಲೋಕಲ್ ನಿಂತಿದ್ದ ಭಾನುವಾರ

ಶನಿವಾರ ಬೆಳಿಗ್ಗೆ ಅಡುಗೆಮನೆಗೆ ಬಂದ ಪ್ರಭಾ ಬಾಗಿಲಲ್ಲೇ ನಿಂತುಬಿಟ್ಟಳು. ಕುಕ್ಕರು, ಹಾಲಿನ ಪಾತ್ರೆ, ಕೊನೆಗೆ ಹೊಸ ಬಕೆಟ್ಟಿನಲ್ಲೂ ಅಕ್ಕಿ ನೆನೆಯುತ್ತಿತ್ತು.

"ಎಂತ ಇದು? ನಮ್ಮಲ್ಲಿ ಮದುವೆ ಉಂಟಾ?"

ಗಂಡ ಹೃಷೀಕೇಶ ತಲೆ ಕೆರೆದುಕೊಂಡ. "ನಾಳೆಗೆ ಇಡ್ಲಿ ಮಾಡುವ ಅಂತ. ನನಗೆ ನೂರು ಜನರ ಅಳತೆ ಮಾತ್ರ ಗೊತ್ತಿರುದು ಮಾರಾಯ್ತಿ."

ಥಾಣೆಯಲ್ಲಿ ಶೇಖರನ ಜೊತೆ ಪಾಲಿನಲ್ಲಿ ಹೋಟೆಲು ನಡೆಸುವ ಮನುಷ್ಯ. ಹತ್ತೊಂಬತ್ತು ವರ್ಷ ಮನೆಯಿರುವ ಡೊಂಬಿವಲಿಯಿಂದ ಬೆಳಗಿನ ಮೊದಲ ಲೋಕಲ್ ರೈಲು ಹಿಡಿದು ಹೋಗಿ, ಹೆಂಡತಿಗೆ ನಿದ್ದೆ ಹತ್ತಿದ ಮೇಲೆ ಮನೆ ಸೇರಿದವನು. ಲಾಕ್‌ಡೌನ್ ಆಗಿ ರೈಲು ನಿಂತ ಮೇಲೆ ಹನ್ನೆರಡು ದಿನದಿಂದ ಮನೆಯಲ್ಲೇ ಇದ್ದ. ಅವನ ಕೂದಲು ಇಷ್ಟು ನರೆತಿದೆ ಎಂದು ಪ್ರಭಾ ಹಗಲು ಬೆಳಕಿನಲ್ಲಿ ನೋಡಿದ್ದೇ ಈಗ. ನರೆ ಅವನಿಗೆ ಒಪ್ಪುತ್ತಲೂ ಇತ್ತು. ಅದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಬೈಯಲು ಮಾತ್ರ ಧಾರಾಳವಾಗಿ ಬಂತು.

"ಕ್ಯೂ ನಿಂತು ತಂದ ತಿಂಗಳ ಅಕ್ಕಿ ಅದು! ನೀವು ಹೋಟೆಲಿಗೇ ಸರಿ."

ಅವನ ಮುಖ ಸಣ್ಣದಾಯಿತು.

ಭಾನುವಾರ ಇಡೀ ಬಿಲ್ಡಿಂಗಿಗೆ ಇಡ್ಲಿ. ಮಗಳು ಅಪರ್ಣಾ ಮಾಸ್ಕ್ ಹಾಕಿಕೊಂಡು ಬಾಗಿಲು ಬಾಗಿಲಿಗೆ ಡಬ್ಬ ಇಟ್ಟು ಬಂದಳು. "ಪಪ್ಪಾ, ಅಬ್ ಬಸ್, ಸಾಕು! ಇನ್ನೂ ಮಾಡಿದ್ರೆ ಪಕ್ಕದೂರು ಕಲ್ಯಾಣಕ್ಕೆ ಪಾರ್ಸೆಲ್ ಮಾಡ್ಬೇಕು."

ಹೃಷೀಕೇಶ ಎಲ್ಲಕ್ಕಿಂತ ಮೆತ್ತಗಿದ್ದ ಎರಡನ್ನು ಹೆಂಡತಿಯ ತಟ್ಟೆಗೆ ಹಾಕಿ, ಪಕ್ಕದಲ್ಲೇ ನಿಂತ. ಅವಳು ತಲೆಯೆತ್ತಿದಳು. ಪರೀಕ್ಷೆಯ ರಿಸಲ್ಟಿಗೆ ಕಾಯುವವನ ಹಾಗೆ ನೋಡುತ್ತಿದ್ದ. ಅವಳಿಗೆ ಎದೆ ಢವಢವ ಎಂದಿತು. ಈ ವಯಸ್ಸಿನಲ್ಲಿ, ಅದೂ ಸ್ವಂತ ಗಂಡನನ್ನು ಕಂಡು! ನಾಚಿಕೆಯಾಗಿ ಚಟ್ನಿಯ ಕಡೆ ತಿರುಗಿದಳು.

ಅಷ್ಟರಲ್ಲಿ ಶೇಖರನ ಫೋನು. ಸ್ಪೀಕರಿನಲ್ಲಿತ್ತು.

"ಹೃಷೀಕೇಶಣ್ಣ, ನಾಳೆಯಿಂದ ಪಾರ್ಸೆಲ್ ಶುರು ಮಾಡುವ. ನೀವು ಒಂದು ಸಲ ಬರ್ಲಿಕ್ಕೆ ಗಾಡಿ ಪಾಸ್ ಸಿಕ್ಕಿತು. ಆದ್ರೆ ನೀವು ಬಂದ್ರೆ ರೈಲು ಬಿಡುವವರೆಗೆ ಹೋಟೆಲಲ್ಲೇ ಇರ್ಬೇಕು. ಬರದಿದ್ರೂ ತೊಂದರೆ ಇಲ್ಲ, ಅಡುಗೆಯ ಲತೇಶ್ ಇದ್ದಾನೆ, ನಾವಿಬ್ಬರೇ ಸುಧಾರಿಸ್ತೇವೆ. ಸಂಜೆಯೊಳಗೆ ಹೇಳಿ."

ಹೃಷೀಕೇಶ ಹೆಂಡತಿಯ ಮುಖ ನೋಡಿದ. ಹೋಗಲು ತುದಿಗಾಲಲ್ಲಿ ನಿಂತಿದ್ದಾನೆ ಎಂದುಕೊಂಡಳು ಪ್ರಭಾ. ಬೇಡ ಎನ್ನಲು ತಾನು ಯಾರು?

"ಹೋಗಿ," ಎಂದಳು.

"ಹೂಂ," ಎಂದ.

ಮಧ್ಯಾಹ್ನ ಅವಳು ಬ್ಯಾಗು ತುಂಬಿಸಲು ಕೂತಳು. ಅವನು ಮಂಚದ ಅಂಚಿನಲ್ಲಿ.

"ನಾಲ್ಕು ಅಂಗಿ ಸಾಕು."

"ರೈಲು ಯಾವಾಗ ಬಿಡ್ತಾರೋ ಯಾರಿಗೆ ಗೊತ್ತು? ಎಂಟು ಇಡ್ತೇನೆ."

ಐದನೆಯದಕ್ಕೆ ಅವಳ ಕೈ ನಿಂತಿತು. ಚೌತಿಗೆಂದು ತಾನೇ ಆರಿಸಿ ತಂದಿದ್ದ ನೀಲಿ ಅಂಗಿ. ಬೆಲೆಚೀಟಿಯನ್ನೂ ಕಿತ್ತಿರಲಿಲ್ಲ. ಚೌತಿಯ ದಿನವೂ ಅವನು ಹೋಟೆಲಿಗೆ ಹೋಗಿದ್ದ. ಅವಳ ಕಣ್ಣು ತುಂಬಿ ಬಂತು.

"ನಿಮಗೆ ಹೋಗ್ಲೇಬೇಕಾ?"

"ನೀನೇ ಹೋಗಿ ಅಂದದ್ದಲ್ವಾ? ಇಲ್ಲಿ ನಿನ್ನ ಕಾಲಿಗೆ ಅಡ್ಡ ಸಿಗ್ತಾ ಇದ್ದೇನೆ. ನಿನಗೆ ಕಿರಿಕಿರಿ..."

"ಹೌದು, ಕಿರಿಕಿರಿಯೇ!" ಅವಳ ದನಿ ಒಡೆಯಿತು. "ಹತ್ತೊಂಬತ್ತು ವರ್ಷ ನಿಮ್ಮನ್ನು ಬಿಟ್ಟು ಉಂಡಿದ್ದೇನೆ. ಈಗ ಬೈಯಲಿಕ್ಕಾದ್ರೂ ಎದುರಿಗೆ ಇದ್ದೀರಿ. ಹೋಗ್ಬೇಡಿ. ನನಗೆ ನೀವು ಬೇಕು."

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಮದುವೆಯಾದ ಹೊಸತರಲ್ಲೂ ಇಂಥ ಮಾತು ಬಾಯಿಂದ ಬಂದಿರಲಿಲ್ಲ.

ಹೃಷೀಕೇಶ ಕೆಳಗೆ ಅವಳ ಪಕ್ಕ ಕೂತ. ಒದ್ದೆ ಕೆನ್ನೆಯನ್ನು ಹೆಬ್ಬೆರಳಿನಿಂದ ಒರೆಸಿದ. ಒಂದು ಕೈಯಲ್ಲಿ ಅವಳ ಕೈ ಹಿಡಿದುಕೊಂಡೇ ಇನ್ನೊಂದರಲ್ಲಿ ಶೇಖರನಿಗೆ ಫೋನು ಹಚ್ಚಿದ.

"ನಾನು ಬರುದಿಲ್ಲ ಮಾರಾಯ."

"ಯಾಕಣ್ಣ, ಹುಷಾರಿಲ್ವಾ?"

ರಜೆ ಕೇಳುವ ಕೆಲಸದವರ ಬಾಯಲ್ಲಿ ಅವನು ವರ್ಷಗಟ್ಟಲೆ ಬೇರೆಯೇ ಒಂದು ನೆಪ ಕೇಳಿದ್ದ. ಅದನ್ನು ತನ್ನ ಬಾಯಿಂದ ಹೇಳುವ ಭಾಗ್ಯ ಇವತ್ತು ಬಂದಿತ್ತು. ಎದುರು ಬಿಲ್ಡಿಂಗಿಗೂ ಕೇಳಲಿ ಎನ್ನುವಷ್ಟು ಜೋರಾಗಿ ಹೇಳಿದ:

"ನನ್ನ ಹೆಂಡತಿ ಬಿಡುದಿಲ್ಲ!"