ಬಂಡಳ್ಳಿ ಬಂಡೆಯ ಹಲ್ಲಿ

ಇವತ್ತು ಆ ಹಲ್ಲಿಯ ಫೋಟೊ ಸಿಗಲೇಬೇಕಿತ್ತು. ಬಾಲದ ಪಟ್ಟೆ ಕಾಣದೆ ಜಾತಿ ಹೇಳಲಾಗದು. ಬಂಡಳ್ಳಿಯ ಪುಷ್ಪ ಊರ ಬಂಡೆಯ ಮೇಲೆ ಮೊಬೈಲಿನಲ್ಲಿ ತೆಗೆದಿದ್ದ ಮಸುಕು ಚಿತ್ರವನ್ನು ಬೆಂಗಳೂರಿನ ತಜ್ಞರೊಬ್ಬರು ‘ಮನೆ ಹಲ್ಲಿ ಇರಬೇಕು’ ಎಂದು ತಳ್ಳಿಹಾಕಿದ್ದರು. ಊರಿನವರಂತೂ ಅವಳಿಗೆ ‘ಹಲ್ಲಿ ಪುಷ್ಪ’ ಎಂದೇ ಹೆಸರಿಟ್ಟು ನಗುತ್ತಿದ್ದರು. ಅವಳಿಗೆ ಅದು ಚುಚ್ಚಿತ್ತು. ನಾಳೆಯಿಂದ ಮನೆಯ ರೇಷ್ಮೆಹುಳುಗಳು ಹಣ್ಣಾಗಿ ಮೇವು ಬಿಟ್ಟು ಗೂಡು ಕಟ್ಟುತ್ತವೆ, ಹೊರಗೆ ಕಾಲಿಡುವಂತಿಲ್ಲ. ಆಮೇಲೆ ಮಳೆ ಹಿಡಿದರೆ ಬಂಡೆ ಹತ್ತುವ ಮಾತೇ ಇಲ್ಲ.

ಜೊತೆಗೆ ಇಬ್ಬರಿದ್ದರು. ಕ್ಯಾಮೆರಾ ಹಿಡಿದ ವಾಣಿಶ್ರೀ ಕೊಳ್ಳೇಗಾಲದ ನೇಕಾರರ ಮನೆಯವಳು. ಹಗ್ಗ ಹೊತ್ತ ಮೂರ್ತಿ ಬಸ್ ಕಂಡಕ್ಟರ್. ರಜೆ ಸಿಕ್ಕರೆ ಸಾಕು, ಮೂವರಿಗೂ ಹುಳುಹುಪ್ಪಟೆ, ಹಾವು, ಹಲ್ಲಿಗಳದೇ ಹುಚ್ಚು.

ಹಳ್ಳ ದಾಟಿ, ಲಂಟಾನದ ಪೊದೆಗಳಲ್ಲಿ ನುಸುಳಿ ಏರಿದರು. ಕೆಳಗೆ ಹಿಪ್ಪುನೇರಳೆ ತೋಟಗಳು, ಜೋಳದ ಹೊಲಗಳು, ದೂರದಲ್ಲಿ ಒಡೆಯರಪಾಳ್ಯದ ಕಡೆಗೆ ಸಾಲು ಸಾಲು ನೀಲಿ ಬೆಟ್ಟಗಳು. ಎಷ್ಟು ಚೆಂದದ ಸೀಮೆ! ಆದರೂ ಇಲ್ಲಿನ ಹಲ್ಲಿಗಳನ್ನು ಕೂತು ನೋಡಿದವರೇ ಕಡಿಮೆ.

ಬಂಡೆಯ ನೆತ್ತಿಯ ಕೆಳಗೊಂದು ಸೀಳು. ಪುಷ್ಪ ಮೊದಲು ತೆವಳಿದಳು. ಹಳದಿ ಕತ್ತಿನ ಹಲ್ಲಿ ಅವಳ ಮೂಗಿನೆದುರೇ ಕೂತಿತ್ತು!

ತಟ್ಟನೆ ಅವಳ ಕೈ ಹೆಗಲ ಟವೆಲ್ಲು ಬೀಸಿತು. ರೇಷ್ಮೆಯ ಹುಳುಮನೆಗೆ ನುಗ್ಗಿ ಹುಳ ನುಂಗುವ ಹಲ್ಲಿಗಳನ್ನು ಹುಟ್ಟಿದಾಗಿನಿಂದ ಓಡಿಸಿದ ಕೈ ಅದು. ಹಲ್ಲಿ ಮಾಯ. ಬಾಲವೊಂದೇ ಕಲ್ಲ ಮೇಲೆ ಒದ್ದಾಡಿತು.

“ಅಯ್ಯೋ, ಏನ್ ಮಾಡ್ಬುಟ್ಟೆ ನಾನು!”

“ಇನ್ನೊಂದು ಇದ್ದೇ ಇರುತ್ತೆ, ಪುಷ್ಪಕ್ಕ,” ಎಂದಳು ವಾಣಿಶ್ರೀ.

“ಮಳೆ ಬತ್ತಾ ಅದೆ ಕಣ್ರವ್ವ, ಇಳೀರಿ,” ಮೂರ್ತಿ ಕೂಗಿದ.

“ನಾನ್ ಇಳ್ಯಕಿಲ್ಲ. ಹಗ್ಗ ಬಿಗಿಯಾಗಿ ಹಿಡ್ಕೊ, ಮೂರ್ತಣ್ಣ.”

ಸೊಂಟಕ್ಕೆ ಹಗ್ಗ ಬಿಗಿದು ಪುಷ್ಪ ಬಂಡೆಯ ಅಂಚಿಗೆ ಸರಿದಳು. ಮಳೆಹನಿಗಳು ಬಿದ್ದವು. ಕಾಲು ಜಾರಿತು. ಹಗ್ಗ ಜಗ್ಗಿತು. ಮೂರ್ತಿ ಹಲ್ಲು ಕಚ್ಚಿ ತಡೆದ.

ಅವಳು ಅಲ್ಲಿನ ಮತ್ತೊಂದು ಸೀಳಿಗೆ ಕೈ ಊರಿದಳು. ಒಳಗಿಂದ ಹಳದಿ ಕತ್ತಿನ ಇನ್ನೊಂದು ಹಲ್ಲಿ ಇಣುಕಿತು. ಬಾಲ ಪೂರ್ತಿ ಇತ್ತು! ಅದು ಮೆಲ್ಲಗೆ ಅವಳ ಮುಂಗೈ ಹತ್ತಿತು. ಕೊಡವಿಬಿಡೋಣ ಎನಿಸಿತು. ಕೊಡವಲಿಲ್ಲ. ಉಸಿರೂ ಬಿಡಲಿಲ್ಲ.

“ತಗೀ, ವಾಣಿ,” ಎಂದು ಪಿಸುಗುಟ್ಟಿದಳು.

ಅಂಚಿನಿಂದ ಬಗ್ಗಿ ವಾಣಿಶ್ರೀ ಒಂದೇ ಸಮ ಕ್ಲಿಕ್ಕಿಸಿದಳು.

ತೊಯ್ದು ತೊಪ್ಪೆಯಾಗಿ, ಮೊಣಕಾಲು ತರಚಿಕೊಂಡು ಮೂವರೂ ಬಂಡಳ್ಳಿಯ ಟೀ ಅಂಗಡಿ ಸೇರಿದರು. ವಾಣಿಶ್ರೀ ಚಿತ್ರ ಕಳಿಸಿದಳು. ಎರಡನೇ ಟೀ ಮುಗಿಯುವ ಮೊದಲೇ ತಜ್ಞರ ಫೋನು ಬಂತು. ಅವಳು ಸ್ಪೀಕರ್ ಹಾಕಿದಳು.

“ಇದು ಮನೆ ಹಲ್ಲಿ ಅಲ್ವೇ ಅಲ್ಲ. ನಾನು ನೋಡಿರೋ ಯಾವುದನ್ನೂ ಹೋಲ್ತಿಲ್ಲ. ಬಂದೇ ನೋಡ್ಬೇಕು. ಬಂಡೆ ಹತ್ತಿಸೋರು ಯಾರಾದ್ರೂ ಇದ್ದಾರಾ?”

ಅಂಗಡಿಯಲ್ಲಿದ್ದ ಊರವರು ಈ ಸಲ ಯಾರೂ ನಗಲಿಲ್ಲ. ಪುಷ್ಪ ಫೋನು ಕಸಿದುಕೊಂಡಳು.

“ನಾನಿವ್ನಿ, ಬನ್ನಿ ಸಾ. ಆದ್ರೆ ಒಂದ್ ಮಾತು, ಹಲ್ಲಿ ಎದ್ರುಗೆ ಬಂದ್ರೆ ಕೈ ಬೀಸ್ಬೇಡಿ. ಬಾಲ ಬಿಟ್ಟು ಓಯ್ತದೆ.”