ಕೋರ್ಟಿಗೆ ಬರದ ಬಿಡುಗಡೆ ಪತ್ರ

ಮಾರ್ಚ್ 17, ಮಂಗಳವಾರ. ಬೆಳಿಗ್ಗೆ 9.20ಕ್ಕೆ ವರ್ಜೀನಿಯಾದ ಬ್ರಾಂಟನ್ ಕೌಂಟಿಯ ಶೆರಿಫ್ ಠಾಣೆಗೆ ಅಲ್ಲಿನ ಇತಿಹಾಸ ಸಂಘದ ನಿರ್ದೇಶಕ ಹೋವರ್ಡ್ ಕ್ರೆಂಷಾ ಏದುಸಿರು ಬಿಡುತ್ತ ಬಂದ. ಸಂಘದ ದಾಖಲೆ ಕೋಣೆಯಿಂದ ಒಂದು ಹಾಳೆ ಕಳುವಾಗಿದೆ ಎಂಬುದು ದೂರು. ಒಂದೇ ಒಂದು ಹಾಳೆ. ಹಿಂದಿನ ವಾರ ಎರಡು ಟ್ರ್ಯಾಕ್ಟರ್ ಕಳೆದುಕೊಂಡವರು ಬರೀ ಫೋನ್ ಮಾಡಿ ಸುಮ್ಮನಾಗಿದ್ದರು. ಈ ಹಾಳೆಗೆ ಮಾತ್ರ ಪೆಂಡ್ಲ್‌ಬರಿ ಮನೆತನದ ವಕೀಲನೇ ಜೊತೆಗೆ ಬಂದಿದ್ದ. ಊರಿನ ಅರ್ಧ ಬೀದಿಗಳಿಗೆ ಆ ಮನೆತನದ ಹೆಸರಿದೆ.

ಇನ್‌ಸ್ಪೆಕ್ಟರ್ ಮಾರ್ವಿನ್ ಟಾಲಿವರ್ ಕುರ್ಚಿ ತೋರಿಸಿದ.

"ಯಾವಾಗ ಗೊತ್ತಾಯ್ತು?"

"ಇವತ್ತು ಎಂಟು ಗಂಟೆಗೆ. ಪೆಂಡ್ಲ್‌ಬರಿಯವರು ಶುಕ್ರವಾರ ತಮ್ಮ ಕಾಗದಪತ್ರ ಎಲ್ಲಾ ವಾಪಸ್ ತಗೊಂಡು ಹೋಗ್ತಿದ್ದಾರೆ. ಪಟ್ಟಿ ಇಟ್ಕೊಂಡು ತಾಳೆ ನೋಡ್ತಿದ್ದೆ. ಒಂಬತ್ತನೇ ಪೆಟ್ಟಿಗೇಲಿ ಒಂದು ಕಮ್ಮಿ," ಎಂದ ಕ್ರೆಂಷಾ.

"ಕಾಗದ ಸಂಘದ್ದಲ್ವಾ?"

"ಅಲ್ಲ. ನಲವತ್ತು ವರ್ಷದಿಂದ ನಮ್ಮಲ್ಲಿ ಇಟ್ಟಿದ್ರು, ಅಷ್ಟೆ. ಮಾಲೀಕರು ಅವರೇ."

"ಹಾಳೇಲಿ ಏನಿತ್ತು?"

ಕ್ರೆಂಷಾ ವಕೀಲನ ಮುಖ ನೋಡಿದ. ವಕೀಲ ಟೈ ಸರಿಮಾಡಿಕೊಂಡ. "1782ರ ಒಂದು ಖಾಸಗಿ ಪತ್ರ. ಅಷ್ಟು ಬರ್ಕೊಂಡ್ರೆ ಸಾಕು."

"ಸಾಕಾಗಲ್ಲ. ಹೋದ ಮಾಲು ಏನು ಅಂತ ಬರೀದೆ FIR ಆಗಲ್ಲ."

"ಮನೆತನದ ಕೆಲವು ಆಳುಗಳ ವಿಚಾರ."

ಟೈಪ್ ಮಾಡುತ್ತಿದ್ದ ಕಾನ್‌ಸ್ಟೆಬಲ್ ಜೋಲೀನ್ ಸ್ಪ್ರೌಸ್ ತಲೆಯೆತ್ತದೆ ಕೇಳಿದಳು. "ಆಳುಗಳಾ, ಗುಲಾಮರಾ? ಫಾರಂನಲ್ಲಿ ಒಂದೇ ಸಾಲು ಜಾಗ ಇದೆ."

ವಕೀಲ ಕೈಗಡಿಯಾರ ನೋಡಿಕೊಂಡ. ಸ್ಪ್ರೌಸ್ ತನಗೆ ಸರಿ ಕಂಡದ್ದನ್ನೇ ಬರೆದಳು. 9.55ಕ್ಕೆ FIR ದಾಖಲಾಯಿತು.

10.30ಕ್ಕೆ ದಾಖಲೆ ಕೋಣೆಯಲ್ಲಿ ಸ್ಥಳ ಪಂಚನಾಮೆ. ಬೀಗ ಒಡೆದಿಲ್ಲ, ಕಿಟಕಿ ಭದ್ರವಾಗಿದೆ. ಹೊರಗಿನ ಹಜಾರದ ತುಂಬ ಜುಲೈ ಹಬ್ಬದ ಬ್ಯಾನರುಗಳು, ದೇಶಕ್ಕೆ ಇನ್ನೂರೈವತ್ತು ತುಂಬುವ ಸಂಭ್ರಮ, ಎಲ್ಲದರ ಮೇಲೂ 'ಸ್ವಾತಂತ್ರ್ಯ' ಎಂದು ಮೊಳದುದ್ದದ ಅಕ್ಷರ. ಕ್ರೆಂಷಾ ಅದಾಗಲೇ ಕಳ್ಳನನ್ನು ಹಿಡಿದುಬಿಟ್ಟಿದ್ದ. ಹೋದ ವಾರ ಓಹಾಯೋದಿಂದ ಯಾರೋ ಗಡ್ಡದವನು ಬಂದು ಎರಡು ದಿನ ಕೂತು ಓದಿದ್ದನಂತೆ. ಅವನದೇ ಕೈವಾಡ.

ಟಾಲಿವರ್ ಒಂಬತ್ತನೇ ಪೆಟ್ಟಿಗೆ ತೆರೆಸಿದ. ಹಾಳೆ ಇರಬೇಕಾದ ಕಡೆ ಅಷ್ಟೇ ಅಳತೆಯ ಬೂದುಬಣ್ಣದ ರಟ್ಟು ನಿಂತಿತ್ತು. ಮೇಲಿನ ಬಲಮೂಲೆಯಲ್ಲಿ ಪೆನ್ಸಿಲ್ ಬರಹ: ಪೆಟ್ಟಿಗೆ 9, ಕಡತ 4, ಹಾಳೆ 11. ಅದರ ಕೆಳಗೆ ಇನ್ನೂ ಸಣ್ಣಗೆ: ತೆಗೆದದ್ದು 14-3.

"ಇದೇನು?"

"ಅದಾ, ಮಾಮೂಲಿ. ಯಾವುದಾದ್ರೂ ಹಾಳೆ ಹೊರಗೆ ತೆಗೆದ್ರೆ ಅದರ ಜಾಗಕ್ಕೆ ರಟ್ಟು ಇಡ್ತಾರೆ. ಇಲ್ಲಾಂದ್ರೆ ಅಕ್ಕಪಕ್ಕದ ಹಾಳೆ ಕುಸಿದು ಮಡಿಕೆ ಬೀಳುತ್ತೆ."

"ಕಳ್ಳರೂ ಇಡ್ತಾರಾ?"

ಕ್ರೆಂಷಾ ರಟ್ಟನ್ನು ತಿರುಗಿಸಿ ನೋಡಿದ. ಈ ಮನುಷ್ಯ ಚಂದಾ ಎತ್ತುವುದರಲ್ಲಿ ನಿಪುಣ. ಕಾಗದದ ಕೆಲಸ ಬೇರೆಯವರದು. ಈ ರಟ್ಟುಗಳನ್ನಿಡುವ ಕಪಾಟಿನ ಬೀಗದ ಕೈ ಎರಡೇ. ಒಂದು ಅವನ ಬಳಿ, ಇನ್ನೊಂದು ಇಪ್ಪತ್ತಾರು ವರ್ಷದಿಂದ ಸಂಬಳವಿಲ್ಲದೆ ದುಡಿಯುತ್ತಿದ್ದ ಅರ್ನೆಸ್ಟೀನ್ ಗ್ಯಾಸ್ಕಿನ್ಸ್ ಅವರ ಬಳಿ. ವಯಸ್ಸು ಎಪ್ಪತ್ತೊಂದು, ಶಾಲೆಯ ನಿವೃತ್ತ ಮೇಡಂ. ಶನಿವಾರ, ಅಂದರೆ 14ರಂದು, ಕೋಣೆಯಲ್ಲಿ ಅವರೊಬ್ಬರೇ ಇದ್ದರು.

"ಛೇ ಛೇ, ಮಿಸ್ ಅರ್ನೆಸ್ಟೀನಾ? ಅವರು ಅಂಥೋರಲ್ಲ," ಎಂದ ಕ್ರೆಂಷಾ. ಆಮೇಲೆ ತುಸು ತಡೆದು, "ಆ ಹಾಳೇನ ಹಬ್ಬದ ಪ್ರದರ್ಶನಕ್ಕೆ ಇಡೋಣ ಅಂತ ಮೂರು ಸಲ ಅರ್ಜಿ ಕೊಟ್ಟಿದ್ರು."

"ನೀವೇನಂದ್ರಿ?"

"ಹಬ್ಬದ ವರ್ಷ, ಸುಮ್ನೆ ಯಾಕೆ ಮನಸ್ಸು ಕಹಿ ಮಾಡ್ಕೊಳ್ಳೋದು ಅಂದೆ. ಪೆಂಡ್ಲ್‌ಬರಿಯವರ ಕಿವಿಗೂ ಬಿತ್ತು. ಅದಕ್ಕೇ ಅವರು ಕಾಗದ ವಾಪಸ್ ಕೇಳಿದ್ದು."

"ಅವರ ಕಿವಿಗೆ ಹಾಕಿದ್ದು ಯಾರು?"

ಕ್ರೆಂಷಾ ಬ್ಯಾನರಿನ ಕಡೆ ನೋಡಿದ.

ಶೋಧನಾ ವಾರಂಟಿಗಾಗಿ 12.40ಕ್ಕೆ ಟಾಲಿವರ್ ಕೋರ್ಟು ಕಟ್ಟಡಕ್ಕೆ ಹೋದ. ನೋಂದಣಿ ಕೌಂಟರಿನ ಗುಮಾಸ್ತೆ ಲೋಯಿಸ್ ಹಡ್‌ನಲ್ ಹಂದಿಮಾಂಸ ಇಟ್ಟ ಬನ್ನು ತಿನ್ನುತ್ತ, ಯಾವ ಕೇಸಪ್ಪ ಎಂದು ಕೇಳಿದಳು. ಹಳೆಯ ಹಾಳೆ ಎಂದ ಟಾಲಿವರ್.

"ಅರ್ನೆಸ್ಟೀನ್ ತಂದಿದ್ರಲ್ಲ ನಿನ್ನೆ, ಅದೇನಾ? ನೋಂದಣಿ ಮಾಡ್ಕೊಡು ಅಂದ್ರು. ಮಾಲೀಕರ ಸಹಿ ಬೇಕು ಅಂದೆ. ಬರೆದೋರು ಸತ್ತು ಇನ್ನೂರ ನಲವತ್ತು ವರ್ಷದ ಮೇಲಾಯ್ತು ಅಂದ್ರು. ಹಂಗಾದ್ರೆ ಆಗಲ್ಲಮ್ಮ ಅಂದೆ."

"ಅವರೇನಂದ್ರು?"

"ಏನೂ ಇಲ್ಲ. ಹಿಂದೆ ಒಂದು ಜೋಡಿ ಮದುವೆ ಲೈಸೆನ್ಸಿಗೆ ಕಾಯ್ತಿತ್ತು. ಅವರಿಗೆ ಒಳ್ಳೇದಾಗಲಿ ಅಂತ ಹೇಳಿ ಹೋದ್ರು."

ಮಧ್ಯಾಹ್ನ 2.10. ಅರ್ನೆಸ್ಟೀನ್ ಬಾಗಿಲು ತೆರೆದು, ವಾರಂಟನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಎದುರು ಮನೆಯ ದಂಪತಿಯನ್ನು ಪಂಚರನ್ನಾಗಿ ಕರೆಸಲಾಯಿತು. ಹಾಳೆ ಮಲಗುವ ಕೋಣೆಯಲ್ಲಿ ಬೂದು ಪೆಟ್ಟಿಗೆಯೊಳಗಿತ್ತು. ಪರದೆ ಎಳೆದಿತ್ತು. ಸ್ಪ್ರೌಸ್ ರಬ್ಬರ್ ಗ್ಲೌಸ್ ತೊಟ್ಟು ಮುಂದೆ ಬಂದಳು.

"ನಿಲ್ಲು. ಅದನ್ನ ಹಾಕ್ಕೊಂಡ್ರೆ ಬೆರಳಿಗೆ ಅಂಚು ಗೊತ್ತಾಗಲ್ಲ, ಹರೀತೀಯ. ಹೋಗಿ ಸೋಪು ಹಾಕಿ ಕೈ ತೊಳ್ಕೊಂಡು ಬಾ."

"ಬೆರಳಚ್ಚು ಮೇಡಂ…"

"ಬೆರಳಚ್ಚು ನಂದೇ ಇರೋದು. ನಾನೇ ಹೇಳ್ತಿದೀನಲ್ಲ."

ಸ್ಪ್ರೌಸ್ ಇನ್‌ಸ್ಪೆಕ್ಟರನ ಕಡೆ ನೋಡಿ, ಕೈ ತೊಳೆಯಲು ಹೋದಳು.

"ಆ ರಟ್ಟು ಯಾಕೆ ಇಟ್ರಿ, ಮಿಸ್ ಅರ್ನೆಸ್ಟೀನ್?" ಟಾಲಿವರ್ ಕೇಳಿದ. "ತಾರೀಖು ಬೇರೆ ಹಾಕಿ. ಅದಿಲ್ದಿದ್ರೆ ನಾನು ಓಹಾಯೋಗೆ ಹೋಗ್ತಿದ್ದೆ."

ಅವರು ನಿಜಕ್ಕೂ ಬೆಚ್ಚಿದರು. "ಇಟ್ನಾ? ಇಟ್ಟಿರ್ತೀನಿ. ಇಪ್ಪತ್ತಾರು ವರ್ಷ ಮಾಡಿದ ಕೈ. ಪಕ್ಕದ ಹಾಳೆ ಏನು ತಪ್ಪು ಮಾಡಿತ್ತು?"

"ಒಂದು ಫೋಟೋ ತೆಗೆದುಕೊಂಡಿದ್ರೆ ಸಾಕಿತ್ತಲ್ಲ?"

"ನಕಲು ತೆಗೀಬಾರ್ದು ಅಂತ ಕರಾರು. ಅದೂ ಅಲ್ದೆ ನಂಗೆ ಬೇಕಾಗಿದ್ದು ಫೋಟೋ ಅಲ್ಲಪ್ಪ. ಓದಿ ನೋಡು."

ಟಾಲಿವರ್ ಓದಿದ. ಆಂಬ್ರೋಸ್ ಪೆಂಡ್ಲ್‌ಬರಿ ಎಂಬಾತ ಡೈನಾ ಎಂಬ ಹೆಂಗಸನ್ನೂ ಅವಳ ಮಕ್ಕಳಾದ ಪೆಗ್, ಸಾನಿ, ಜೂಡಿಯರನ್ನೂ ಗುಲಾಮಗಿರಿಯಿಂದ ಎಂದೆಂದಿಗೂ ಬಿಡುಗಡೆ ಮಾಡಿದ್ದ. ಸಹಿ, ಮೊಹರು, ಇಬ್ಬರು ಸಾಕ್ಷಿಗಳು, ಎಲ್ಲ ಇತ್ತು.

"ಕೋರ್ಟಿನ ಠಸ್ಸೆ ಹುಡುಕು," ಎಂದರು ಅರ್ನೆಸ್ಟೀನ್. "ಇಲ್ಲ. ಕೌಂಟಿ ಕೋರ್ಟಿನಲ್ಲಿ ದಾಖಲಾದ್ರೆ ಮಾತ್ರ ಬಿಡುಗಡೆ, ಅದು ಆಗಿನ ಕಾನೂನು. ಕೋರ್ಟ್ ಸೇರೋಕೆ ಇನ್ನೂ ಒಂಬತ್ತು ದಿನ ಇರೋವಾಗ ಆಂಬ್ರೋಸ್ ಸತ್ತ. ಮಗ ಇದನ್ನ ಪೆಟ್ಟಿಗೆಗೆ ಹಾಕ್ದ. ಮೂರು ವರ್ಷ ಆದ್ಮೇಲೆ ನಾಲ್ಕು ಜನಾನೂ ನಾಲ್ಕು ಕಡೆಗೆ ಮಾರ್ದ. ಸುಟ್ಟೂ ಹಾಕಲಿಲ್ಲ ನೋಡು, ಜೋಪಾನವಾಗಿ ಇಟ್ಕೊಂಡ. ನಾನು ಆ ಪೆಗ್ ವಂಶದೋಳು. ನಮ್ಮನ್ನ ಬಿಡುಗಡೆ ಮಾಡಿ ಬರೆದಿದ್ರು ಅಂತ ನಮ್ಮಜ್ಜಿ ಹೇಳಿದ್ರೆ ಊರೆಲ್ಲ ನಗೋದು. ನಾನೂ ನಕ್ಕಿದ್ದೆ. ಆ ಪಾಪಕ್ಕೇ ಇಪ್ಪತ್ತಾರು ವರ್ಷ ಹುಡುಕಿದ್ದು. ಕೌಂಟರಿಗೆ ತಗೊಂಡು ಹೋದೆ, ಮಾಲೀಕರ ಸಹಿ ತನ್ನಿ ಅಂದ್ರು."

ಟಾಲಿವರ್ ಪಂಚನಾಮೆ ಬರೆಸಿದ. ವಶಪಡಿಸಿದ ವಸ್ತುವಿನ ವಿವರದಲ್ಲಿ ಹಾಳೆಯ ಪೂರ್ಣಪಾಠ ಬರೆಯಲು ಹೇಳಿದ. ಸ್ಪ್ರೌಸ್ ಒಂದೊಂದೇ ಪದ ಓದಿ ಬರೆದಳು. ಅರ್ಧ ಗಂಟೆ ಹಿಡಿಯಿತು.

3.45ಕ್ಕೆ ಠಾಣೆಯ ಅಂಗಳದಲ್ಲೇ ವಕೀಲ ಅಡ್ಡ ಬಂದ. ಟಾಲಿವರನನ್ನು ಪಕ್ಕಕ್ಕೆ ಕರೆದ.

"ಕಾಗದ ಸಿಕ್ತಲ್ಲ. ಮನೆಯವರು ದೂರು ವಾಪಸ್ ತಗೋತಾರೆ. ಎಲ್ಲೋ ತಪ್ಪಿ ಇಟ್ಟಿದ್ರು, ಸಿಕ್ತು ಅಂತ ಬರೀರಿ. ವಯಸ್ಸಾದ ಹೆಂಗಸು, ಮನೆಗೆ ಹೋಗ್ಲಿ ಪಾಪ."

"ಪಂಚನಾಮೆ?"

"ಅದನ್ನ ಕೋರ್ಟಿಗೆ ಕೊಡೋ ಅಗತ್ಯ ಏನಿದೆ? ಕೊಟ್ರೆ ಯಾರು ಬೇಕಾದ್ರೂ ಬಂದು ಓದ್ತಾರೆ."

ಟಾಲಿವರ್ ಜೀಪಿಗೆ ಮರಳಿ ಹಿಂದಿನ ಸೀಟಿನಲ್ಲಿ ಅರ್ನೆಸ್ಟೀನ್ ಪಕ್ಕ ಕೂತ. ವಕೀಲ ಹೇಳಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಒಪ್ಪಿಕೊಳ್ಳಲಿ ಎಂದು ಅವನಿಗೆ ಒಳಗೊಳಗೇ ಆಸೆಯಿತ್ತು. ಈ ವಯಸ್ಸಿನವರ ಬೆರಳಚ್ಚು ತೆಗೆಯುವುದು ಅವನಿಗೆ ಬೇಡವಾಗಿತ್ತು.

"ಒಪ್ಪಿದ್ರೆ ನೀವು ರಾತ್ರಿ ಊಟದ ಹೊತ್ತಿಗೆ ಮನೇಲಿರ್ತೀರ. ಕಾಗದ ಅವರಿಗೆ ಹೋಗುತ್ತೆ. ಇಲ್ಲಾಂದ್ರೆ ಕೇಸು, ಬಂಧನ, ಪೇಪರಿನಲ್ಲಿ ಫೋಟೋ. ಯೋಚನೆ ಮಾಡಿ."

"ಪಂಚನಾಮೆ ಯಾರ ಹತ್ರ ಕೊಡ್ತೀಯ?"

"ಲೋಯಿಸ್ ಕೌಂಟರಿನಲ್ಲಿ. ಹಾಳೆಯ ಪೂರ್ಣಪಾಠದ ಸಮೇತ."

"ಠಸ್ಸೆ ಬೀಳುತ್ತಾ?"

"ಬೀಳುತ್ತೆ."

ಅವರು ಪಂಚನಾಮೆ ಕೇಳಿ ಪಡೆದು ಓದಿದರು. ವಸ್ತುವಿನ ಕಾಲಂನಲ್ಲಿ ಡೈನಾ, ಪೆಗ್, ಸಾನಿ, ಜೂಡಿ. ಪಕ್ಕದ ಕಾಲಂನಲ್ಲಿ, ಮಾಲೀಕರು: ಪೆಂಡ್ಲ್‌ಬರಿ ಮನೆತನ. ಬೆರಳಿಟ್ಟು ತೋರಿಸಿದರು.

"ನೋಡು, ಇಲ್ಲೂ ಅವರ ಮಾಲೇ."

"ಫಾರಂ ಹಾಗಿದೆ, ಮಿಸ್ ಅರ್ನೆಸ್ಟೀನ್."

"ಯಾವಾಗ್ಲೂ ಹಾಗೇ ಇರೋದು. ಕೊಟ್ಟು ಬಾ, ಹೋಗು. ನಾನು ಇಲ್ಲೇ ಕೂತಿರ್ತೀನಿ."

ಸಂಜೆ 4.20ಕ್ಕೆ ಲೋಯಿಸ್ ಹಡ್‌ನಲ್ ಪಂಚನಾಮೆಯನ್ನು ತಿರುವಿ ಹಾಕಿದಳು. ನಿನ್ನೆ ತಾನು ವಾಪಸ್ ಕಳಿಸಿದ್ದು ಇದನ್ನೇ ಎಂದು ಗುರುತು ಹಿಡಿದಳು. ಆದರೆ ಇಂದು ಇದು ಕದ್ದ ಮಾಲಿನ ಪಟ್ಟಿ, ಯಾರ ಸಹಿಯೂ ಬೇಕಿಲ್ಲ. ತಲೆ ತಗ್ಗಿಸಿ ಠಸ್ಸೆ ಒತ್ತಿದಳು.

4.52ಕ್ಕೆ ಅರ್ನೆಸ್ಟೀನ್ ಗ್ಯಾಸ್ಕಿನ್ಸ್ ಅವರನ್ನು ಬಂಧಿಸಲಾಯಿತು. ಅಷ್ಟರಲ್ಲಿ ಇತಿಹಾಸ ಸಂಘ ತನ್ನ ಕಾರ್ಯಕರ್ತರ ಪಟ್ಟಿಯಿಂದ ಅವರ ಹೆಸರನ್ನು ತೆಗೆದುಹಾಕಿ ಪತ್ರಿಕೆಗಳಿಗೆ ಹೇಳಿಕೆಯನ್ನೂ ಕೊಟ್ಟಿತ್ತು. ಆ ಚುರುಕು ಅವರ ಅರ್ಜಿಗಳಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಮೂಲ ಹಾಳೆ ಕೇಸು ಮುಗಿದ ಮೇಲೆ ಪೆಂಡ್ಲ್‌ಬರಿಯವರಿಗೇ ಹೋಗಬೇಕು. ಕಾನೂನು ಹಾಗಿದೆ.

ಬಂಧನದ ವರದಿಯಲ್ಲಿ ಕೊನೆಯ ಕಾಲಂ ಖಾಲಿ ಇತ್ತು.

"ಕೃತ್ಯದ ಉದ್ದೇಶ ಏನು ಬರೀಲಿ ಸಾರ್?" ಸ್ಪ್ರೌಸ್ ಕೇಳಿದಳು. "ಕಳವು ಅಂದ್ರೆ ಸ್ವಂತ ಲಾಭ ಅಂತ ಹಾಕ್ತೀವಿ ಸಾಮಾನ್ಯವಾಗಿ."

ಟಾಲಿವರ್ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು ಎರಡು ಬೆರಳಲ್ಲಿ ಟೈಪ್ ಮಾಡಿದ: 1782ರಲ್ಲಿ ನಿಂತುಹೋದ ನೋಂದಣಿಯನ್ನು ಮಾಡಿಸುವುದು.